ನೆಟ್‌ವರ್ಕ್ ಬಿದ್ದಾಗ ಶಾಲಾ ಲೈಬ್ರರಿಯ ಕೌಂಟರ್ ನಡೆಸುವುದು ಹೇಗೆ?

ಕಪಾಟಿನ_ಕೀಲಿ ಕೇಳಿದ್ದು:

ಶಾಲಾ ಲೈಬ್ರರಿ, ಸುಮಾರು 8,000 ಪುಸ್ತಕ, 600 ಮಕ್ಕಳು. ಕೌಂಟರ್ ಒಂದೇ, ಯುಎಸ್‌ಬಿ ಬಾರ್‌ಕೋಡ್ ಸ್ಕ್ಯಾನರೂ ಒಂದೇ. ಸಾಫ್ಟ್‌ವೇರ್ ಕೋಹಾ, ಸರ್ವರ್ ಹೊರಗಿನ ಹೋಸ್ಟಿಂಗ್‌ನಲ್ಲಿದೆ. ಒಂದೊಂದು ಪೀರಿಯಡ್‌ಗೆ ಒಂದು ತರಗತಿ, ಅಂದರೆ 40 ಮಕ್ಕಳು ಒಟ್ಟಿಗೆ ಬರುತ್ತಾರೆ. ನೆಟ್ ಹೋದರೆ ಬಿಳಿ ಹಾಳೆಯಲ್ಲಿ ಮಗುವಿನ ಹೆಸರು, ಪುಸ್ತಕದ ಹೆಸರು ಬರೆದಿಟ್ಟುಕೊಂಡು ಆಮೇಲೆ ಕೋಹಾಕ್ಕೆ ಏರಿಸುವುದು ಈಗಿನ ಪದ್ಧತಿ.

ಇದರಿಂದ ಆಗುತ್ತಿರುವ ಗೋಜಲು ಹೀಗಿದೆ. ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದರೆ ಯಾರದು ಅಂತ ತಿಳಿಯುವುದಿಲ್ಲ. ಒಂದೇ ಪುಸ್ತಕದ ಐದು ಪ್ರತಿ ಇದ್ದರೆ ಯಾವ ಪ್ರತಿ ಹೋಯಿತು ಅಂತ ಗೊತ್ತಾಗುವುದಿಲ್ಲ. ವಾಪಸು ಬಂದು ಕಪಾಟು ಸೇರಿದ ಪುಸ್ತಕ ಇನ್ನೂ ಮಗುವಿನ ಖಾತೆಯಲ್ಲೇ ಕೂತಿರುತ್ತದೆ. ಕೆಲವು ಸಲ ಇದರ ತಿರುವುಮುರುವೂ ಆಗುತ್ತದೆ: ಪುಸ್ತಕ ಮಗುವಿನ ಮನೆಯಲ್ಲಿದೆ, ಸಿಸ್ಟಂ ಮಾತ್ರ ‘ಲಭ್ಯ’ ಅನ್ನುತ್ತದೆ.

ನೆಟ್ ಇಲ್ಲದ ದಿನ ವಿತರಣೆಯನ್ನೇ ನಿಲ್ಲಿಸಿಬಿಡಬೇಕೆ, ಅಥವಾ ಭರವಸೆಯಿಡಬಹುದಾದ ಕ್ರಮ ಏನಾದರೂ ಇದೆಯೆ? ಕಾಗದ ಒಳ್ಳೆಯದೋ, ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಒಳ್ಳೆಯದೋ? ನೆಟ್ ಬಂದ ಮೇಲೆ ಏರಿಸುವಾಗ ಏನು ಗಮನಿಸಬೇಕು?

---

ತಂತಿಜಾಲ ಉತ್ತರ:

ವಿತರಣೆ ನಿಲ್ಲಿಸಬೇಕಿಲ್ಲ. ಆದರೆ ಕಾಗದ ಕೈಗೆತ್ತಿಕೊಳ್ಳುವ ಮೊದಲು ಏನು ಕೆಟ್ಟಿದೆ ಅಂತ ಎರಡು ನಿಮಿಷ ನೋಡಿ. ‘ನೆಟ್ ಇಲ್ಲ’ ಅನ್ನಿಸುವ ಎಷ್ಟೋ ಸಂದರ್ಭಗಳಲ್ಲಿ ಕೌಂಟರ್ ಸಲೀಸಾಗಿ ನಡೆಯುತ್ತದೆ.

ಮೊದಲು ಕಂಪ್ಯೂಟರಿನ ಹಿಂದೆ ಕೇಬಲ್ ಸಿಕ್ಕಿಸಿದ ಜಾಗದಲ್ಲಿ ದೀಪ ಉರಿಯುತ್ತಿದೆಯೆ ನೋಡಿ. ಉರಿಯದಿದ್ದರೆ ಕೇಬಲ್ ಅಥವಾ ಸ್ವಿಚ್ಚಿನ ಸಮಸ್ಯೆ. ದೀಪ ಇದ್ದರೆ ಕಂಪ್ಯೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ) ನೋಡಿ. ಅದು 169.254 ಅಂತ ಶುರುವಾಗಿದ್ದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಅಂತ ಅರ್ಥ. ರೂಟರ್ ಆರಿಸಿ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಿಳಾಸ ಸರಿಯಿದ್ದರೆ ರೂಟರನ್ನು ಪಿಂಗ್ ಮಾಡಿ (ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೆ ನೋಡಿ), ಆಮೇಲೆ ಗೂಗಲ್‌ನ 8.8.8.8 ಅನ್ನು ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು ವೆಬ್ ವಿಳಾಸದ ಹೆಸರಿಗೆ ಬರದಿದ್ದರೆ ಲೈನ್ ಚೆನ್ನಾಗಿದೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಮಾತ್ರ ಕೆಟ್ಟಿದೆ. ಬೇರೆ ಡಿಎನ್‌ಎಸ್ ಹಾಕಿದರೆ ಮುಗಿಯಿತು.

ಲೈನೇ ಹೋಗಿದ್ದರೆ ಮೊಬೈಲ್ ಹಾಟ್‌ಸ್ಪಾಟ್. ಒಂದು ಪುಸ್ತಕ ಕೊಡುವ ವ್ಯವಹಾರ ಅಂದರೆ ಬರೀ ಅಕ್ಷರಗಳ ಪುಟ. ಮೊದಲ ಪುಟ ತೆರೆದುಕೊಳ್ಳಲು ಸ್ವಲ್ಪ ಡೇಟಾ ಬೇಕು, ಆಮೇಲಿನವಕ್ಕೆ ಅತ್ಯಲ್ಪ. ಒಂದು ತೊಡಕಿದೆ: ಹೋಸ್ಟಿಂಗ್‌ನವರು ಸಿಬ್ಬಂದಿ ಪುಟವನ್ನು ಶಾಲೆಯ ಐಪಿ ವಿಳಾಸಕ್ಕೆ ಮಾತ್ರ ತೆರೆದಿಟ್ಟಿದ್ದರೆ ಹಾಟ್‌ಸ್ಪಾಟಿನಿಂದ ಲಾಗಿನ್ ಆಗುವುದಿಲ್ಲ. ಕೋಹಾದಲ್ಲಿ ಆಟೋಲೊಕೇಷನ್ ಅನ್ನುವ, ಐಪಿ ವಿಳಾಸ ನೋಡಿ ಒಳಬಿಡುವ ಆಯ್ಕೆ ಚಾಲೂ ಇದ್ದರೂ ಅದೇ ಗತಿ. ನೆಟ್ ಚೆನ್ನಾಗಿರುವ ದಿನವೇ ಒಮ್ಮೆ ಹಾಟ್‌ಸ್ಪಾಟಿನಿಂದ ಲಾಗಿನ್ ಆಗಿ ಪರೀಕ್ಷಿಸಿಟ್ಟುಕೊಳ್ಳಿ. ಶಾಲೆಯ ಅನುಮತಿಯನ್ನೂ ಆಗಲೇ ಪಡೆಯಿರಿ.

ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿದ್ದರೂ ನೆಟ್ ಸಾಯುವುದು ಬಹಳ ಸಾಮಾನ್ಯ. ರೂಟರ್, ಫೈಬರ್ ಪೆಟ್ಟಿಗೆ, ನಡುವಿನ ಸ್ವಿಚ್ಚು, ಇವು ಮೂರೂ ಯುಪಿಎಸ್ ಮೇಲೆ ಇರಬೇಕು. ಒಂದು ಹೊರಗುಳಿದರೂ ಉಳಿದೆರಡು ವ್ಯರ್ಥ. 12 ವೋಲ್ಟ್, 1 ಅಥವಾ 2 ಆಂಪಿಯರ್ ಅಡಾಪ್ಟರಿನ ಪೆಟ್ಟಿಗೆ ಅಂದರೆ ಗರಿಷ್ಠ 12ರಿಂದ 24 ವಾಟ್. ಕಂಪ್ಯೂಟರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಪೂರ್ತಿ ಹೋದ ನೆಟ್ ಅಲ್ಲ, ಬಂದು ಹೋಗುವ ನೆಟ್. ಪುಸ್ತಕ ಸ್ಕ್ಯಾನ್ ಮಾಡಿದಿರಿ, ಪುಟ ಸುತ್ತುತ್ತಾ ನಿಂತಿತು. ಸರ್ವರ್‌ನಲ್ಲಿ ಆ ವ್ಯವಹಾರ ದಾಖಲಾಗಿರಬಹುದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ನೀವು ಮತ್ತೆ ಸ್ಕ್ಯಾನ್ ಮಾಡುತ್ತೀರಿ. ಕೋಹಾ ಆಗ ‘ಇದು ಇದೇ ಸದಸ್ಯರ ಬಳಿ ಇದೆ, ನವೀಕರಿಸಲೇ?’ ಅಂತ ಕೇಳುತ್ತದೆ. ಗಡಿಬಿಡಿಯಲ್ಲಿ ಹೌದು ಅಂದರೆ ಆ ಮಗುವಿಗಿದ್ದ ಒಂದು ನವೀಕರಣ ಮೊದಲ ದಿನವೇ ಖರ್ಚು. ಅದಕ್ಕೇ ಒಂದು ಗಡಿ ಹಾಕಿಕೊಳ್ಳಿ: 5 ನಿಮಿಷದೊಳಗೆ ಎರಡು ಸಲ ಪುಟ ನಿಂತರೆ ಆಫ್‌ಲೈನ್‌ಗೆ ಹೋಗಿ, ಆ ಪೀರಿಯಡ್ ಮುಗಿಯುವವರೆಗೆ ಅಲ್ಲೇ ಇರಿ. ನಡುವೆ ನೆಟ್ ಬಂತು ಅಂತ ಇಬ್ಬರಿಗೆ ಸಿಸ್ಟಂನಲ್ಲಿ, ಮುಂದಿನವರಿಗೆ ಹಾಳೆಯಲ್ಲಿ ಕೊಡುವುದು ಬೇಡವೇ ಬೇಡ.

---

ಹಾಳೆ_ಪೆನ್ನು ಉತ್ತರ:

ಬಿಳಿ ಹಾಳೆಯ ತಪ್ಪು ಏನೆಂದರೆ ಅದು ನಿಮ್ಮನ್ನು ಏನೂ ಕೇಳುವುದಿಲ್ಲ. ಅಂಕಣ ಹಾಕಿದ ಹಾಳೆ ಕೇಳುತ್ತದೆ. ಅಂಕಣಗಳು ಇವಿಷ್ಟು ಸಾಕು: ಕ್ರಮಸಂಖ್ಯೆ (ಮೊದಲೇ ಮುದ್ರಿಸಿದ್ದು), ಗಂಟೆ-ನಿಮಿಷ, ‘ಕೊ’ (ಕೊಟ್ಟದ್ದು) ಅಥವಾ ‘ವಾ’ (ವಾಪಸು), ಮಗುವಿನ ಸದಸ್ಯ ಸಂಖ್ಯೆ, ಪುಸ್ತಕದ ಬಾರ್‌ಕೋಡ್ ಸಂಖ್ಯೆ, ಪುಸ್ತಕದ ಹೆಸರಿನ ಮೊದಲ ಪದ, ಏರಿಸಿದವರ ಸಹಿ. ಹಾಳೆಯ ತಲೆಯಲ್ಲಿ ದಿನಾಂಕ ಮತ್ತು ಹಾಳೆ ಸಂಖ್ಯೆ. ಎ4 ಅಡ್ಡ ಹಾಳೆಗೆ 20 ಸಾಲು ಹಿಡಿಯುತ್ತದೆ. ಸಾಲಿನ ಎತ್ತರ 8 ಮಿಲಿಮೀಟರಿಗಿಂತ ಕಡಿಮೆ ಮಾಡಿದರೆ ಅವಸರದ ಕೈಬರಹ ಆಮೇಲೆ ಓದಲಾಗುವುದಿಲ್ಲ.

ಪುಸ್ತಕದ ಹೆಸರಿನ ಮೊದಲ ಪದ ಯಾಕೆ ಅಂದರೆ, 4317 ಬರೆಯುವಲ್ಲಿ 4371 ಆಗುವುದು ಕೈಬರಹದ ಅತಿ ಸಾಮಾನ್ಯ ತಪ್ಪು. ಏರಿಸುವಾಗ ಪರದೆಯ ಮೇಲೆ ಬಂದ ಹೆಸರಿಗೂ ಹಾಳೆಯ ಪದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬರೀ ಸಂಖ್ಯೆ ಇದ್ದರೆ ತಪ್ಪು ಪುಸ್ತಕ ಸದ್ದಿಲ್ಲದೆ ದಾಖಲಾಗುತ್ತದೆ. ಹಾಗೆಯೇ ಬರೀ ಹೆಸರು ಇದ್ದರೆ ಐದು ಪ್ರತಿಗಳಲ್ಲಿ ಯಾವುದು ಅಂತ ತಿಳಿಯದು. ಎರಡೂ ಬೇಕು.

ಕೊಟ್ಟದ್ದಕ್ಕೆ ಒಂದು ಹಾಳೆ, ವಾಪಸು ಬಂದದ್ದಕ್ಕೆ ಇನ್ನೊಂದು ಹಾಳೆ ಇಟ್ಟುಕೊಳ್ಳುವವರು ಬಹಳ. ನೋಡಲು ಅಚ್ಚುಕಟ್ಟು, ಆದರೆ ಯಾವುದು ಮೊದಲು ನಡೆಯಿತು ಅನ್ನುವುದೇ ಕಳೆದುಹೋಗುತ್ತದೆ. ಒಂದು ಕೌಂಟರಿಗೆ ಒಂದೇ ಹಾಳೆ, ನಡೆದ ಕ್ರಮದಲ್ಲೇ ಸಾಲು. ಒಬ್ಬ ಹುಡುಗ ಎರಡು ಪುಸ್ತಕ ವಾಪಸು ಕೊಟ್ಟು ಎರಡು ತೆಗೆದುಕೊಂಡರೆ ನಾಲ್ಕು ಸಾಲು. ತಪ್ಪಾದರೆ ಒಂದು ಗೆರೆ ಎಳೆದು ಕೆಳಗಿನ ಸಾಲಿನಲ್ಲಿ ಹೊಸದಾಗಿ ಬರೆಯಿರಿ. ಅಂಕಿಯ ಮೇಲೆ ಅಂಕಿ ತಿದ್ದಿದರೆ 3 ಮತ್ತು 8, 1 ಮತ್ತು 7 ಒಂದಾಗಿಬಿಡುತ್ತವೆ.

40 ಮಕ್ಕಳ ತರಗತಿಗೆ ವೇಗ ಬೇಕಾದರೆ ತರಗತಿವಾರು ಹಾಳೆ ಮೊದಲೇ ಮುದ್ರಿಸಿಡಿ: ಹೆಸರು, ಸದಸ್ಯ ಸಂಖ್ಯೆ, ಪಕ್ಕದಲ್ಲಿ ಖಾಲಿ ಮನೆಗಳು. ಆಗ ಬರೆಯಬೇಕಾದ್ದು ಪುಸ್ತಕದ ಸಂಖ್ಯೆ, ಒಂದು ಪದ, ಹೊತ್ತು. ಸಾಲಿಗೆ 20 ಸೆಕೆಂಡ್ ಹಿಡಿದರೂ 40 ಸಾಲಿಗೆ 13–14 ನಿಮಿಷ. ಈ ಹಾಳೆಯಲ್ಲಿ ಸಾಲುಗಳು ಹಾಜರಿ ಕ್ರಮದಲ್ಲಿರುತ್ತವೆ, ನಡೆದ ಕ್ರಮದಲ್ಲಿ ಅಲ್ಲ. ಆದ್ದರಿಂದ ಹೊತ್ತಿನ ಅಂಕಣ ಇಲ್ಲಿ ಕಡ್ಡಾಯ. ವಾಪಸು ಬಂದವನ್ನೆಲ್ಲ ಪೀರಿಯಡ್‌ನ ಮೊದಲ ಹತ್ತು ನಿಮಿಷದಲ್ಲೇ ಪಡೆದು ಮುಗಿಸಿ, ಆಮೇಲೆ ವಿತರಣೆ ಶುರುಮಾಡಿದರೆ ಕ್ರಮದ ತಲೆನೋವು ಅರ್ಧಕ್ಕೆ ಇಳಿಯುತ್ತದೆ.

ಹಳೆಯ ಪುಸ್ತಕಗಳ ಹಿಂಬದಿ ರಟ್ಟಿನಲ್ಲಿ ಇನ್ನೂ ಜೇಬು, ಪುಸ್ತಕ ಕಾರ್ಡ್ ಇದ್ದರೆ ಕಿತ್ತುಹಾಕಬೇಡಿ. ಪರೀಕ್ಷೆಗೆ ಓದಿ ಮರೆತ ಬ್ರೌನ್ ಪದ್ಧತಿ, ನ್ಯೂಆರ್ಕ್ ಪದ್ಧತಿ (ಕಾರ್ಡುಗಳಿಂದ ವಿತರಣೆ ನಡೆಸುವ ಹಳೆಯ ಕ್ರಮಗಳು) ಎರಡೂ ಇಂಥ ದಿನಕ್ಕೆ ಹೇಳಿ ಮಾಡಿಸಿದಂತಿವೆ. ಕಾರ್ಡ್ ಹೊರತೆಗೆದು ಅದರ ಮೇಲೆ ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು ಬರೆದು ಟ್ರೇಗೆ ಹಾಕಿದರೆ ಪುಸ್ತಕದ ಸಂಖ್ಯೆ ನಕಲು ಮಾಡುವ ಕೆಲಸವೇ ಇಲ್ಲ, ತಪ್ಪೂ ಇಲ್ಲ. ಕಾರ್ಡಿನಲ್ಲಿರುವುದು ಅಕ್ಸೆಶನ್ ನಂಬರ್, ಅಂದರೆ ಪುಸ್ತಕ ಲೈಬ್ರರಿಗೆ ಸೇರಿದಾಗ ಕೊಟ್ಟ ಸಂಖ್ಯೆ. ಅದೂ ಬಾರ್‌ಕೋಡೂ ಒಂದೇ ಆಗಿದ್ದರೆ ಮಾತ್ರ ಇದು ನೇರ ಕೆಲಸಕ್ಕೆ ಬರುತ್ತದೆ.

ಡಬ್ಬಿಯೊಂದರಲ್ಲಿ ಇವನ್ನೆಲ್ಲ ತಯಾರಿಟ್ಟಿರಿ: ಮುದ್ರಿತ ಹಾಳೆ 50, ತರಗತಿವಾರು ಹಾಳೆಗಳ ಒಂದು ಪ್ರತಿ, ಪೆನ್ನು 3, ಕ್ಲಿಪ್‌ಬೋರ್ಡ್ 2, ದಿನಾಂಕದ ಮೊಹರು, ಗಡುವಿನ ಚೀಟಿಗಳು. ಸಾಲದ ಮಿತಿ ತಲುಪಿದವರ, ತಡೆಹಿಡಿದ ಖಾತೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ಮುದ್ರಿಸಿ ಹಳೆಯದನ್ನು ಹರಿದುಹಾಕಿ. ಆ ಪಟ್ಟಿಯಲ್ಲಿ ಸದಸ್ಯ ಸಂಖ್ಯೆ ಮಾತ್ರ ಇರಲಿ. ಯಾವ ಮಗು ಯಾವ ಪುಸ್ತಕ ಇಟ್ಟುಕೊಂಡಿದೆ, ಎಷ್ಟು ದಂಡ ಬಾಕಿ ಅನ್ನುವುದನ್ನು ಕೌಂಟರಿನ ಮೇಲೆ ಹರವಿಡುವಂತಿಲ್ಲ.

---

ಅಡ್ಡಸಾಲು ಉತ್ತರ:

ಲ್ಯಾಪ್‌ಟಾಪ್ ಬ್ಯಾಟರಿ ಚೆನ್ನಾಗಿದ್ದರೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕಾಗದಕ್ಕಿಂತ ವೇಗ. ಸ್ಕ್ಯಾನರ್ ಕಂಪ್ಯೂಟರಿನ ಪಾಲಿಗೆ ಒಂದು ಕೀಬೋರ್ಡ್ ಅಷ್ಟೆ, ಅದಕ್ಕೆ ನೆಟ್ ಬೇಕಿಲ್ಲ. ಆದರೆ ಹಾಳೆ ಮೊದಲೇ ತಯಾರಾಗಿರಬೇಕು. ನೆಟ್ ಹೋದ ಮೇಲೆ ಹೊಸ ಫೈಲ್ ತೆರೆದು ಸ್ಕ್ಯಾನ್ ಮಾಡಲು ಕೂತರೆ ಕೆಳಗಿನ ಪ್ರತಿಯೊಂದು ಗುಂಡಿಗೂ ಬೀಳುತ್ತೀರಿ.

ಸಂಖ್ಯೆಯ ಅಂಕಣಗಳನ್ನು ಸ್ಕ್ಯಾನ್ ಮಾಡುವ ಮೊದಲೇ ‘ಟೆಕ್ಸ್ಟ್’ ಫಾರ್ಮ್ಯಾಟ್‌ಗೆ ಬದಲಿಸಿ. ಇಲ್ಲವಾದರೆ 004317 ಅನ್ನುವುದು 4317 ಆಗುತ್ತದೆ. ಕೋಹಾ ಇವೆರಡನ್ನೂ ಬೇರೆ ಬೇರೆ ಬಾರ್‌ಕೋಡ್ ಅಂತಲೇ ನೋಡುತ್ತದೆ. 14 ಅಂಕಿಯ ಬಾರ್‌ಕೋಡ್ ಬಳಸುವವರಿಗೆ ಇನ್ನೂ ದೊಡ್ಡ ಅಪಾಯವಿದೆ. 11 ಅಂಕಿ ಮೀರಿದ ಸಂಖ್ಯೆಯನ್ನು ಎಕ್ಸೆಲ್ ಮೊಟಕು ಮಾಡಿ ಘಾತರೂಪದಲ್ಲಿ (3.12E+13 ಎಂಬಂತೆ) ತೋರಿಸುತ್ತದೆ. ಆ ಸ್ಥಿತಿಯಲ್ಲಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಫೈಲ್) ಆಗಿ ಉಳಿಸಿದರೆ ಕಣ್ಣಿಗೆ ಕಾಣುವ ಮೊಟಕು ರೂಪವೇ ಫೈಲ್‌ಗೆ ಹೋಗುತ್ತದೆ, ಉಳಿದ ಅಂಕಿಗಳು ಹೋದವು. ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಅವು ಮರಳಿ ಬರುವುದಿಲ್ಲ.

ಅಂಕಣದ ಕ್ರಮ ಹೀಗಿರಲಿ: ಕ್ರಮಸಂಖ್ಯೆ (1ರಿಂದ 500ರವರೆಗೆ ಮೊದಲೇ ತುಂಬಿದ್ದು), ಮಗು, ಪುಸ್ತಕ, ಕೊ/ವಾ, ಹೊತ್ತು. ಸ್ಕ್ಯಾನರಿನ ಕೈಪಿಡಿಯಲ್ಲಿ ಕೊನೆಗೆ ಎಂಟರ್ ಬದಲು ಟ್ಯಾಬ್ ಕಳಿಸುವ ಸೆಟ್ಟಿಂಗ್ ಬಾರ್‌ಕೋಡ್ ಇರುತ್ತದೆ, ಅದನ್ನು ಒಮ್ಮೆ ಸ್ಕ್ಯಾನ್ ಮಾಡಿ. ಈಗ ಮಗುವಿನ ಕಾರ್ಡ್ ಸ್ಕ್ಯಾನ್ ಮಾಡಿದರೆ ಕರ್ಸರ್ ತಾನೇ ಪುಸ್ತಕದ ಮನೆಗೆ ಹೋಗುತ್ತದೆ, ಪುಸ್ತಕ ಸ್ಕ್ಯಾನ್ ಮಾಡಿದರೆ ಮುಂದಿನ ಮನೆಗೆ. ಅಲ್ಲಿ ‘ಕೊ’ ಒತ್ತಿ, ಟ್ಯಾಬ್ ಒತ್ತಿ, ಕಂಟ್ರೋಲ್-ಶಿಫ್ಟ್-ಸೆಮಿಕೋಲನ್ ಒತ್ತಿದರೆ ಆ ಹೊತ್ತಿನ ಸಮಯ ಬರುತ್ತದೆ. ಎಂಟರ್ ಒತ್ತಿದರೆ ಕರ್ಸರ್ ಮುಂದಿನ ಸಾಲಿನ ಮಗುವಿನ ಮನೆಗೇ ಹಿಂದಿರುಗುತ್ತದೆ. ವಾಪಸು ಸಾಲಿಗೆ ಮಗುವಿನ ಮನೆ ಖಾಲಿ ಬಿಟ್ಟು ಟ್ಯಾಬ್ ಒತ್ತಿ ಮುಂದೆ ಹೋಗಿ. ಕೆಲಸ ಮುಗಿದ ಮೇಲೆ ಸ್ಕ್ಯಾನರನ್ನು ಮತ್ತೆ ಎಂಟರ್‌ಗೆ ತಿರುಗಿಸುವುದನ್ನು ಮರೆತರೆ ಮರುದಿನ ಕೋಹಾ ಪುಟದಲ್ಲಿ ಸ್ಕ್ಯಾನ್ ಮಾಡಿದ್ದು ದಾಖಲಾಗದೆ ಸುಮ್ಮನೆ ಕೂತಿರುತ್ತದೆ. ಎರಡೂ ಸೆಟ್ಟಿಂಗ್ ಬಾರ್‌ಕೋಡ್‌ಗಳನ್ನು ಒಂದು ಚೀಟಿಯಲ್ಲಿ ಮುದ್ರಿಸಿ ಆ ಡಬ್ಬಿಯಲ್ಲೇ ಇಡಿ.

ಸಮಯಕ್ಕೆ ‘ನೌ’ ಫಾರ್ಮುಲಾ ಹಾಕುವ ಜಾಣತನ ಬೇಡ. ಹಾಳೆ ಮರುಲೆಕ್ಕ ಮಾಡಿದಾಗಲೆಲ್ಲ ಎಲ್ಲ ಸಾಲುಗಳ ಸಮಯವೂ ಈಗಿನದಾಗಿ ಬದಲಾಗುತ್ತದೆ. ಸಂಜೆ ನೋಡಿದರೆ ದಿನವಿಡೀ ನಡೆದದ್ದೆಲ್ಲ ಒಂದೇ ನಿಮಿಷದಲ್ಲಿ ನಡೆದಂತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಎಂದರೆ ಲೈಬ್ರರಿಯ ಬಾರ್‌ಕೋಡ್ ಬಿಟ್ಟು ಹಿಂಬದಿ ರಕ್ಷಾಪುಟದ ಐಎಸ್‌ಬಿಎನ್ ಸ್ಕ್ಯಾನ್ ಮಾಡುವುದು. ಕೋಹಾದಲ್ಲಾದರೆ ತಕ್ಷಣ ಎಚ್ಚರಿಕೆ ಬರುತ್ತದೆ, ಎಕ್ಸೆಲ್ ಏನನ್ನೂ ಕೇಳದೆ ನುಂಗುತ್ತದೆ. 13 ಅಂಕಿಯದು, 978 ಅಥವಾ 979ರಿಂದ ಶುರುವಾಗುವುದು ಐಎಸ್‌ಬಿಎನ್. ಮೊದಲ ಮೂರು ಅಂಕಿ ಅವಾಗಿದ್ದರೆ ಮನೆ ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ. ಮಗುವಿನ ಕಾರ್ಡು ಪುಸ್ತಕದ ಮನೆಗೆ ಬೀಳುವುದನ್ನೂ ಹೀಗೇ ಹಿಡಿಯಬಹುದು. 14 ಅಂಕಿಯ ಲೈಬ್ರರಿ ಬಾರ್‌ಕೋಡ್‌ಗಳಲ್ಲಿ ರೂಢಿಯಂತೆ ಸದಸ್ಯರದು 2ರಿಂದ, ಪುಸ್ತಕದ್ದು 3ರಿಂದ ಶುರುವಾಗುತ್ತದೆ. ನಿಮ್ಮದೇ ಸಂಖ್ಯಾಕ್ರಮವಾದರೆ ಸದಸ್ಯ ಸಂಖ್ಯೆಯ ಮುಂದೆ ಒಂದು ಅಕ್ಷರ ಸೇರಿಸಿಟ್ಟರೆ ಗುರುತು ಸಲೀಸು.

ಅಕ್ಷರ ಸೇರಿಸಿದವರು ಒಂದು ನೆನಪಿಡಿ: ಸ್ಕ್ಯಾನರ್ ಕೀಬೋರ್ಡಿನಂತೆ ಟೈಪ್ ಮಾಡುವುದರಿಂದ ಆ ಹೊತ್ತಿಗೆ ಕನ್ನಡ ಕೀಲಿಮಣೆ ಚಾಲೂ ಇದ್ದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಯಾವುದೋ ಅಕ್ಷರ ಬಂದು ಕೂರುತ್ತದೆ. ಕ್ಯಾಪ್ಸ್ ಲಾಕ್ ಇದ್ದರೆ ದೊಡ್ಡಕ್ಷರ ಚಿಕ್ಕದಾಗುತ್ತದೆ. ಮಕ್ಕಳ ಹೆಸರಿನ ಪಟ್ಟಿಯನ್ನು ಕನ್ನಡದಲ್ಲೇ ಸಿಎಸ್‌ವಿಯಾಗಿ ಇಳಿಸಿಟ್ಟಿದ್ದರೆ ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಎಕ್ಸೆಲ್‌ನಲ್ಲಿ ಹೆಸರುಗಳೆಲ್ಲ ವಿಚಿತ್ರ ಚಿಹ್ನೆಗಳಾಗುವ ಸಂಭವ ಹೆಚ್ಚು. ಡೇಟಾ ಮೆನುವಿನಿಂದ ಆಮದು ಮಾಡಿಕೊಂಡು ಕನ್ನಡ ಅಕ್ಷರಗಳನ್ನು ಸರಿಯಾಗಿ ಓದುವ ಯುಟಿಎಫ್-8 ಆಯ್ಕೆಮಾಡಿ.

ಕಾರ್ಡ್ ತರದ ಮಕ್ಕಳಿಗಾಗಿ ತರಗತಿವಾರು ಬಾರ್‌ಕೋಡ್ ಹಾಳೆ ಮುದ್ರಿಸಿಡುವುದು ಒಳ್ಳೆಯದು. ಕೋಡ್ 39 ಅನ್ನುವ ಬಗೆಯ ಬಾರ್‌ಕೋಡ್ ಫಾಂಟ್ ಬಳಸುತ್ತಿದ್ದರೆ ಸಂಖ್ಯೆಯ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಇರಲೇಬೇಕು, ಇಲ್ಲದಿದ್ದರೆ ಸ್ಕ್ಯಾನರ್ ಓದುವುದೇ ಇಲ್ಲ. ಎಡ-ಬಲಕ್ಕೆ 6 ಮಿಲಿಮೀಟರಿನಷ್ಟು ಖಾಲಿ ಜಾಗ ಬಿಡಿ. ಸಾಲುಗಳು ತೀರ ಹತ್ತಿರ ಇದ್ದರೆ ಪಕ್ಕದ ಮಗುವಿನ ಕೋಡ್ ಸಿಕ್ಕಿಬಿಡುತ್ತದೆ. ಸ್ಕ್ಯಾನ್ ಮಾಡುವಾಗ ಮೇಲೆ ಕೆಳಗೆ ರಟ್ಟಿನ ತುಂಡು ಮುಚ್ಚಿಕೊಳ್ಳಿ.

ಫೈಲ್ ಲ್ಯಾಪ್‌ಟಾಪಿನ ಡಿಸ್ಕಿನಲ್ಲೇ ಇರಲಿ, ಕ್ಲೌಡ್ ಫೋಲ್ಡರಿನಲ್ಲಿ ಬೇಡ. ನೆಟ್ ಹೋದಾಗ ಅದು ತೆರೆಯದೇ ಇರಬಹುದು. ಮತ್ತೆ, ಆ ಹಾಳೆಯನ್ನು ಯಾವ ಕಾರಣಕ್ಕೂ ಹೆಸರಿನ ಕ್ರಮಕ್ಕೆ ಸಾರ್ಟ್ ಮಾಡಬೇಡಿ.

---

ಕಪಾಟಿನ_ಕೀಲಿ ಮತ್ತೆ ಕೇಳಿದ್ದು:

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಧನ್ಯವಾದ. ಇನ್ನೆರಡು ಸಂದೇಹ. ಕೋಹಾದಲ್ಲೇ ಆಫ್‌ಲೈನ್ ಸೌಲಭ್ಯ ಇದೆ ಅನ್ನುತ್ತಾರಲ್ಲ, ಅದು ಸಾಲದೆ? ಎರಡನೆಯದು: ನೆಟ್ ಇಲ್ಲದ ಹೊತ್ತಿನಲ್ಲಿ ವಾಪಸು ಬಂದ ಪುಸ್ತಕವನ್ನು ಆಗಲೇ ಇನ್ನೊಂದು ಮಗುವಿಗೆ ಕೊಡಬಹುದೆ?

---

ಸರತಿ_ಸಾಲು ಉತ್ತರ:

ಮೊದಲ ಸಂದೇಹ. ಬ್ರೌಸರ್ ಒಳಗೇ ನಡೆಯುತ್ತಿದ್ದ ಕೋಹಾದ ಹಳೆಯ ಆಫ್‌ಲೈನ್ ಪುಟ ಪುಟವನ್ನು ಕಂಪ್ಯೂಟರಿನಲ್ಲೇ ಉಳಿಸಿಡುವ ‘ಅಪ್ಲಿಕೇಶನ್ ಕ್ಯಾಶ್’ ಅನ್ನುವ ಸೌಲಭ್ಯದ ಮೇಲೆ ನಿಂತಿತ್ತು. ಬ್ರೌಸರ್‌ಗಳು ಅದನ್ನು ತೆಗೆದುಹಾಕಿವೆ, ಹಾಗಾಗಿ ಅದನ್ನು ನೆಚ್ಚಬೇಡಿ. ಉಳಿದಿರುವ ದಾರಿ ವಿಂಡೋಸ್‌ನಲ್ಲಿ ಹಾಕಿಕೊಳ್ಳುವ ಪ್ರತ್ಯೇಕ ಪುಟ್ಟ ತಂತ್ರಾಂಶ. ಅದು ಕೆಒಸಿ ಅನ್ನುವ ಬಗೆಯ ಫೈಲ್ ತಯಾರಿಸುತ್ತದೆ. ಅದೊಂದು ಸರಳ ಪಠ್ಯ ಫೈಲ್: ತಲೆಯಲ್ಲಿ ಆವೃತ್ತಿ ಹೇಳುವ ಒಂದು ಸಾಲು, ಆಮೇಲೆ ಪ್ರತಿ ವ್ಯವಹಾರಕ್ಕೂ ಒಂದು ಸಾಲು. ಸಾಲಿನಲ್ಲಿ ದಿನಾಂಕ-ಸಮಯ, ಕೊಟ್ಟದ್ದೋ ವಾಪಸೋ, ಕೊಟ್ಟದ್ದಾದರೆ ಸದಸ್ಯರ ಕಾರ್ಡ್ ಸಂಖ್ಯೆ, ಪುಸ್ತಕದ ಬಾರ್‌ಕೋಡ್, ನಡುವೆ ಟ್ಯಾಬ್. ನೆಟ್ ಬಂದ ಮೇಲೆ ಅದನ್ನು ಕೋಹಾಕ್ಕೆ ಏರಿಸಬೇಕು. ಏರಿಸುವಾಗ ‘ಈಗಲೇ ದಾಖಲಿಸು’, ‘ಬಾಕಿ ಸರದಿಗೆ ಸೇರಿಸು’ ಅಂತ ಎರಡು ದಾರಿಗಳಿರುತ್ತವೆ. ಎರಡು ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ನಡೆದಿದ್ದರೆ ಎರಡೂ ಫೈಲನ್ನು ಸರದಿಗೇ ಸೇರಿಸಿ, ಎಲ್ಲ ಬಂದ ಮೇಲೆ ಒಟ್ಟಿಗೆ ದಾಖಲಿಸಿ. ಒಂದಾದ ಮೇಲೊಂದು ನೇರ ದಾಖಲಿಸಿದರೆ ಎರಡನೆಯ ಫೈಲಿನ ಬೆಳಗಿನ ವ್ಯವಹಾರ ಮೊದಲನೆಯದರ ಸಂಜೆಯ ವ್ಯವಹಾರದ ಮೇಲೆ ಕೂರುತ್ತದೆ. ಎರಡೂ ಯಂತ್ರಗಳ ಗಡಿಯಾರ ತಾಳೆಯಾಗಿರಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಆದರೆ ಈ ತಂತ್ರಾಂಶಕ್ಕೂ ಖಾತೆ ತಡೆಹಿಡಿದಿದೆಯೋ, ಬೇರೆ ಯಾರಾದರೂ ಕಾಯ್ದಿರಿಸಿದ್ದಾರೋ ಅನ್ನುವುದು ಅಂದಂದಿಗೆ ತಿಳಿಯುವುದಿಲ್ಲ. ಆ ಲೆಕ್ಕದಲ್ಲಿ ಅದು ಅಂಕಣ ಹಾಕಿದ ಹಾಳೆಗಿಂತ ಬಹಳ ಜಾಣ ಏನಲ್ಲ. ಬೆರಳಚ್ಚಿನ ಶ್ರಮ ಉಳಿಯುತ್ತದೆ, ಅಷ್ಟೆ. ತಿಂಗಳಿಗೊಮ್ಮೆ ಅರ್ಧ ಗಂಟೆ ನೆಟ್ ಹೋಗುವ ಕಡೆ ಕಾಗದವೇ ಸಾಕು.

ಇನ್ನು ಏರಿಸುವ ಕ್ರಮ. ಇಲ್ಲಿ ತಪ್ಪಿದರೆ ಮೇಲಿನ ಎಲ್ಲ ಎಚ್ಚರವೂ ನೀರಿನಲ್ಲಿ ಹೋಮ. ಒಂದು ಉದಾಹರಣೆ: 10:05ಕ್ಕೆ ಮೊದಲ ಮಗು 4317 ವಾಪಸು ಕೊಟ್ಟಿತು, 10:20ಕ್ಕೆ ಎರಡನೆಯ ಮಗು ಅದೇ ಪುಸ್ತಕ ತೆಗೆದುಕೊಂಡಿತು. ನೀವು ವಿತರಣೆಗಳನ್ನೆಲ್ಲ ಮೊದಲು ಏರಿಸಿದಿರಿ ಅನ್ನಿ. ಕೋಹಾ ‘ಇದು ಇನ್ನೊಬ್ಬರ ಬಳಿ ಇದೆ, ವಾಪಸು ಪಡೆದು ಕೊಡಲೇ?’ ಅನ್ನುತ್ತದೆ, ಹೌದು ಅನ್ನುತ್ತೀರಿ. 4317 ಎರಡನೆಯ ಮಗುವಿನ ಖಾತೆಗೆ ಬಂತು. ಆಮೇಲೆ ವಾಪಸುಗಳ ಪಟ್ಟಿ ಹಿಡಿದು 4317 ಸ್ಕ್ಯಾನ್ ಮಾಡುತ್ತೀರಿ. ವಾಪಸು ಪುಟ ಯಾರಿಂದ ಅಂತ ಕೇಳುವುದಿಲ್ಲ, ಈಗ ಯಾರ ಬಳಿ ಇದೆಯೋ ಅವರ ಖಾತೆಯಿಂದ ತೆಗೆಯುತ್ತದೆ. ಎರಡನೆಯ ಮಗುವಿನ ಖಾತೆ ಖಾಲಿಯಾಯಿತು. ಪುಸ್ತಕ ಮನೆಯಲ್ಲಿ, ಸಿಸ್ಟಂ ಪ್ರಕಾರ ಕಪಾಟಿನಲ್ಲಿ. ಎಚ್ಚರಿಕೆ ಬರುವುದಿಲ್ಲ, ಗಡುವಿನ ನೆನಪೋಲೆ ಹೋಗುವುದಿಲ್ಲ, ಸ್ಟಾಕ್ ಪರಿಶೀಲನೆಯವರೆಗೂ ಯಾರಿಗೂ ತಿಳಿಯುವುದಿಲ್ಲ. ಪ್ರಶ್ನೆಯಲ್ಲಿ ಹೇಳಿದ ‘ತಿರುವುಮುರುವು’ ಬಹುಪಾಲು ಹೀಗೇ ಹುಟ್ಟುತ್ತದೆ.

ಹೀಗಾಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡೆದ ಕ್ರಮದಲ್ಲೇ ಏರಿಸಿ, ವಿತರಣೆ ಪುಟಕ್ಕೂ ವಾಪಸು ಪುಟಕ್ಕೂ ಓಡಾಡುವ ಬೇಸರ ಸಹಿಸಿಕೊಳ್ಳಿ. ಎರಡು ಬ್ರೌಸರ್ ಟ್ಯಾಬ್ ತೆರೆದಿಟ್ಟರೆ ಬೇಸರ ಕಡಿಮೆ. ಹಾಳೆ ಪೂರ್ತಿ ಏರುವ ಮೊದಲು ಹೊಸ ವ್ಯವಹಾರ ಸಿಸ್ಟಂನಲ್ಲಿ ಶುರುಮಾಡಬೇಡಿ. ಮುಂದಿನ ತರಗತಿ ಬಾಗಿಲಲ್ಲಿ ನಿಂತಿದ್ದರೆ ಅವರಿಗೂ ಹಾಳೆಯಲ್ಲೇ ಕೊಡಿ. ನೆಟ್ ಬಂದಿದೆ ಅನ್ನುವುದು ಹಾಳೆ ಬಿಡಲು ಕಾರಣವಲ್ಲ.

ಕೈಯಿಂದ ಏರಿಸುವಾಗ ದಿನಾಂಕ ನೋಡಿಕೊಳ್ಳಿ. ಸೋಮವಾರದ ಹಾಳೆಯನ್ನು ಬುಧವಾರ ಏರಿಸಿದರೆ ವಾಪಸಿನ ದಿನಾಂಕ ಬುಧವಾರ ಆಗುತ್ತದೆ, ಗಡುವು ಸೋಮವಾರ ಇದ್ದ ಮಗುವಿಗೆ ಎರಡು ದಿನದ ದಂಡ ಬೀಳುತ್ತದೆ. ವಾಪಸು ಪುಟದಲ್ಲಿ ಹಿಂದಿನ ದಿನಾಂಕ ಕೊಡುವ ಅವಕಾಶ, ವಿತರಣೆ ಪುಟದಲ್ಲಿ ಗಡುವು ಕೊಡುವ ಅವಕಾಶ ಎರಡೂ ಕೋಹಾದಲ್ಲಿವೆ. ಸಿಸ್ಟಂ ಆದ್ಯತೆಗಳಲ್ಲಿ ಚಾಲೂ ಇವೆಯೆ ಅಂತ ಈಗಲೇ ನೋಡಿಡಿ. ನಾಲ್ಕೈದು ದಿನ ನೆಟ್ ಇರದಿದ್ದರೆ ಒಬ್ಬೊಬ್ಬರದನ್ನು ತಿದ್ದುತ್ತ ಕೂರುವುದಕ್ಕಿಂತ ಗಡುವುಗಳನ್ನು ಒಟ್ಟಾಗಿ ಮುಂದೂಡುವ ಉಪಕರಣ ಬಳಸಿ.

ದಂಡ, ಸಾಲದ ಮಿತಿ, ತಡೆ ಇವೆಲ್ಲ ಆಫ್‌ಲೈನ್ ಹೊತ್ತಿನಲ್ಲಿ ಸ್ವಲ್ಪ ಸಡಿಲವಾದರೂ ಆಮೇಲೆ ಸರಿಮಾಡಬಹುದು. ಯಾರು, ಯಾವ ಪ್ರತಿ, ಯಾವಾಗ ಅನ್ನುವುದು ತಪ್ಪಿದರೆ ಸರಿಮಾಡಲು ಆಧಾರವೇ ಉಳಿಯುವುದಿಲ್ಲ. ಕಾರ್ಡೂ ಇಲ್ಲದ, ಪಟ್ಟಿಯಲ್ಲೂ ಇಲ್ಲದ ಹೊಸ ಮಗುವಿಗೆ, ಬಾರ್‌ಕೋಡ್ ಅಂಟಿಸದ ಹೊಸ ಪುಸ್ತಕಕ್ಕೆ ಆ ದಿನ ಇಲ್ಲ ಅನ್ನಿ. ಇವೆರಡನ್ನು ಬಿಟ್ಟು ಬೇರೇನನ್ನೂ ತಡೆಯುವ ಅಗತ್ಯ ಇಲ್ಲ.

ಎರಡನೆಯ ಸಂದೇಹ: ನನ್ನ ಮಟ್ಟಿಗೆ ಕೊಡಬಾರದು. ವಾಪಸು ಬಂದವು ಒಂದು ಪ್ರತ್ಯೇಕ ಗಾಡಿಯಲ್ಲಿ ‘ಏರಿಸಬೇಕಿದೆ’ ಚೀಟಿಯೊಂದಿಗೆ ನಿಲ್ಲಲಿ. ಯಾರಾದರೂ ಕಾಯ್ದಿರಿಸಿದ ಪುಸ್ತಕ ಅದರಲ್ಲಿರಬಹುದು. ನೆಟ್ ಬಂದ ಮೇಲೆ ಹಾಳೆಯ ಸಾಲು ಏರಿಸುವಾಗ ಗಾಡಿಯಿಂದ ಪುಸ್ತಕವನ್ನೇ ಎತ್ತಿ ಸ್ಕ್ಯಾನ್ ಮಾಡಿದರೆ ಕೈಬರಹದ ಅಂಕಿ ಓದುವ ಗೋಜೂ ಇಲ್ಲ, ಕಾಯ್ದಿರಿಸಿದ ಸೂಚನೆಯೂ ಪರದೆಯ ಮೇಲೆ ಬರುತ್ತದೆ.

---

ಹಾಳೆ_ಪೆನ್ನು ಉತ್ತರ:

ಗಾಡಿಯ ಮಾತು ದೊಡ್ಡ ತರಗತಿಗಳಿಗೆ ಸರಿ. ಒಂದನೇ, ಎರಡನೇ ತರಗತಿಯ ಚಿತ್ರಪುಸ್ತಕಗಳಿಗೆ ಒಪ್ಪುವುದು ಕಷ್ಟ. ಅಲ್ಲಿ ವಾಪಸು ಬಂದ 40 ಪುಸ್ತಕಗಳೇ ಆ ದಿನದ ಕಪಾಟು. ಅವನ್ನು ತಡೆದಿಟ್ಟರೆ ಮಕ್ಕಳಿಗೆ ಆರಿಸಲು ಏನೂ ಉಳಿಯುವುದಿಲ್ಲ. ಪುಟ್ಟ ಮಕ್ಕಳು ಕಾಯ್ದಿರಿಸುವುದೂ ಅಪರೂಪ. ವಾಪಸಿನ ಸಾಲನ್ನು ಬರೆದ ಮೇಲೆಯೇ ಪುಸ್ತಕ ಕೈಬಿಡುವುದು ಅನ್ನುವ ನಿಯಮ ಪಾಲಿಸಿದರೆ ಮರುವಿತರಣೆಯಿಂದ ಕೆಡುಕಿಲ್ಲ. ಬೇಕಿದ್ದರೆ ಕಾಯ್ದಿರಿಸಿದ ಪುಸ್ತಕಗಳ ಸಂಖ್ಯೆಗಳನ್ನು ವಾರದ ಪಟ್ಟಿಯ ಜೊತೆ ಮುದ್ರಿಸಿಕೊಳ್ಳಿ, ಅವಷ್ಟನ್ನೇ ಗಾಡಿಗೆ ಹಾಕಿ.

---

ಸರತಿ_ಸಾಲು ಉತ್ತರ:

ಕಾಯ್ದಿರಿಸಿದವುಗಳ ಪಟ್ಟಿ ಕೈಯಲ್ಲಿದ್ದರೆ ಒಪ್ಪುತ್ತೇನೆ. ಪಟ್ಟಿ ಒಂದು ವಾರ ಹಳೆಯದಾಗಿದ್ದರೆ ಗಾಡಿಯೇ ಕ್ಷೇಮ.

---

ತಂತಿಜಾಲ ಉತ್ತರ:

ಇಲ್ಲಿಯವರೆಗೆ ಯಾರೂ ಹೇಳದ ಒಂದು ಸನ್ನಿವೇಶ: ಸರ್ವರೇ ಕೆಟ್ಟು ಬ್ಯಾಕಪ್‌ನಿಂದ ಮರುಸ್ಥಾಪನೆಯಾಗುವುದು. ಬ್ಯಾಕಪ್ ರಾತ್ರಿ 2 ಗಂಟೆಯದು, ಸರ್ವರ್ ಬಿದ್ದದ್ದು ಮಧ್ಯಾಹ್ನ 12ಕ್ಕೆ ಅನ್ನಿ. ಆ ಬೆಳಗ್ಗೆ ಸಿಸ್ಟಂನಲ್ಲೇ ಸರಿಯಾಗಿ ದಾಖಲಾಗಿದ್ದ ವ್ಯವಹಾರಗಳೂ ಮಾಯ. ಆಫ್‌ಲೈನ್ ಹಾಳೆಯಲ್ಲಿ ಅವು ಇರುವುದಿಲ್ಲ, ಯಾಕೆಂದರೆ ಆಗ ನೆಟ್ ಚೆನ್ನಾಗಿತ್ತು. ರಸೀದಿ ಮುದ್ರಿಸುವವರಾದರೆ ಒಂದು ಪ್ರತಿಯನ್ನು ಆ ದಿನದ ಮಟ್ಟಿಗೆ ಚುಚ್ಚಿಡಿ. ಸದಸ್ಯರಿಗೆ ವಿತರಣೆಯ ಮಿಂಚಂಚೆ ಹೋಗುವ ವ್ಯವಸ್ಥೆ ಇದ್ದರೆ ಅದರ ಪ್ರತಿಗಳಿಂದಲೂ ಮರುನಿರ್ಮಾಣ ಮಾಡಬಹುದು. ಎರಡೂ ಇಲ್ಲದಿದ್ದರೆ ಬ್ಯಾಕಪ್ ಎಷ್ಟು ಹೊತ್ತಿಗೊಮ್ಮೆ ಅಂತ ಹೋಸ್ಟಿಂಗ್‌ನವರನ್ನು ಕೇಳಿ, ಶಾಲೆಯ ಹೊತ್ತಿನಲ್ಲಿ ಇನ್ನೊಂದು ಸಲ ತೆಗೆಯಲು ಹೇಳಿ. ಮರುಸ್ಥಾಪನೆ ಆದ ಮೇಲೆ ಬೆಳಗಿನವು ಮೊದಲು, ಹಾಳೆಯವು ಆಮೇಲೆ.

---

ಅಡ್ಡಸಾಲು ಉತ್ತರ:

ಏರಿಸಿ ಮುಗಿದ ಮೇಲಿನ ತಪಾಸಣೆಯ ಬಗ್ಗೆ ಒಂದು ಮಾತು. ಹಾಳೆಯಲ್ಲಿ ‘ಕೊ’ ಎಷ್ಟು, ‘ವಾ’ ಎಷ್ಟು ಎಣಿಸಿ. ಕೋಹಾದ ಅಂಕಿಅಂಶ ವರದಿಯಲ್ಲಿ ಏರಿಸಿದ ದಿನದ ವಿತರಣೆ, ವಾಪಸು ಎಣಿಕೆ ತೆಗೆದು ತಾಳೆ ನೋಡಿ. ವಾಪಸು ಒಂದೆರಡು ಹೆಚ್ಚು ಬಂದರೆ, ಹಾಳೆಯಲ್ಲಿ ವಾಪಸು ಬರೆಯದೆ ಮರುವಿತರಣೆಯಾದ ಪುಸ್ತಕವನ್ನು ಏರಿಸುವಾಗ ಕೋಹಾ ತಾನೇ ವಾಪಸು ಪಡೆದಿದೆ ಅಂತ ಮೊದಲು ಸಂಶಯಪಡಿ. ವಿತರಣೆ ಕಡಿಮೆ ಬಂದರೆ ಯಾವುದೋ ಸಾಲಿನಲ್ಲಿ ದೃಢೀಕರಣದ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗಿದ್ದೀರಿ. ಆಮೇಲೆ ಗಾಡಿಯಲ್ಲಿ ಅಥವಾ ಕಪಾಟಿನಲ್ಲಿ ಇರುವ ಆ ದಿನದ ವಾಪಸುಗಳಲ್ಲಿ ಹತ್ತನ್ನು ಎತ್ತಿ ಹುಡುಕಾಟ ಪುಟದಲ್ಲಿ ಸ್ಥಿತಿ ನೋಡಿ. ವಾಪಸು ಪುಟದಲ್ಲಿ ಸ್ಕ್ಯಾನ್ ಮಾಡಬೇಡಿ, ಅದು ತಪ್ಪನ್ನು ತೋರಿಸುವ ಬದಲು ಅಳಿಸಿಹಾಕುತ್ತದೆ.

ಹಾಳೆಗಳನ್ನು ಆ ವ್ಯವಹಾರಗಳ ಗಡುವು ದಾಟುವವರೆಗೆ ಬೀಗದ ಕಪಾಟಿನಲ್ಲಿಡಿ. 14 ದಿನದ ಸಾಲವಾದರೆ ಮೂರು ವಾರ ಸಾಕು. ‘ನಾನು ತೆಗೆದುಕೊಂಡೇ ಇಲ್ಲ’ ಅನ್ನುವ ತಕರಾರು ಬರುವುದು ನೆನಪೋಲೆ ಹೋದ ಮೇಲೆಯೇ. ಅದಾದ ಮೇಲೆ ಹರಿದುಹಾಕಿ, ಲ್ಯಾಪ್‌ಟಾಪಿನ ಫೈಲನ್ನೂ ಅಳಿಸಿ. ಏರಿಸಿದ ಫೈಲ್ ಅಲ್ಲೇ ಬಿದ್ದಿದ್ದರೆ ಮುಂದಿನ ಸಲ ಅದೇ ಫೈಲ್ ಮತ್ತೆ ಏರುತ್ತದೆ, ಹೋದ ತಿಂಗಳ ವಾಪಸುಗಳು ಈ ತಿಂಗಳ ಸಾಲಗಳನ್ನು ಖಾತೆಯಿಂದ ಕಿತ್ತುಹಾಕುತ್ತವೆ.